ಕೊಕ್ಕೆಯ ಹದಿನಾಲ್ಕು ಪಿನ್ನುಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ನೌಕಾಪಡೆಯ ಉಗ್ರಾಣಾಧಿಕಾರಿ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಅಂದು ಬೆಳಿಗ್ಗೆ ಹಡಗಿಗೆ ಸಾಗಿಸುವ ಮುನ್ನ ಸೀಲು ಒಡೆದು ನೋಡಿದಾಗ, ಯುದ್ಧವಿಮಾನದ ಬಿಡಿಭಾಗಗಳ ಪೆಟ್ಟಿಗೆಯಿಂದ ಹದಿನಾಲ್ಕು ಪಿನ್ನುಗಳು ಕಳವಾಗಿದ್ದವು. ಹಡಗಿನ ಮೇಲೆ ಇಳಿಯುವ ವಿಮಾನ ತನ್ನ ಬಾಲದ ಕೊಕ್ಕೆಯಿಂದ ಡೆಕ್ಕಿನ ತಂತಿಯನ್ನು ಹಿಡಿದು ನಿಲ್ಲುತ್ತದೆ. ಆ ಕೊಕ್ಕೆಯನ್ನು ವಿಮಾನಕ್ಕೆ ಬಿಗಿಯುವುದು ಈ ಪಿನ್ನು. ಹಡಗು ಗುರುವಾರ ಹೊರಡುವುದಿತ್ತು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರಮ್ಮ ಹೆಡ್ ಕಾನ್‌ಸ್ಟೇಬಲ್ ಜೊತೆ ಉಗ್ರಾಣಕ್ಕೆ ಹೋದಳು. ಪಂಚರ ಎದುರು ಪೆಟ್ಟಿಗೆ ತೆರೆಸಿದರೆ ಒಳಗೆ ಪಿನ್ನುಗಳ ಬದಲು ಕಬ್ಬಿಣದ ತುಂಡುಗಳು.

"ಇದನ್ನ ಕದ್ದು ಏನ್ ಮಾಡ್ತಾರೆ ಮೇಡಂ? ಮನೆ ಬಾಗಿಲಿಗೆ ಚಿಲಕ ಹಾಕೋಕಾಗುತ್ತಾ?" ಎಂದ ಹೆಡ್ ಕಾನ್‌ಸ್ಟೇಬಲ್.

ಅವಳು ನಗಲಿಲ್ಲ. ತುಂಡುಗಳನ್ನು ತಕ್ಕಡಿಗೆ ಹಾಕಿಸಿದಳು. ಅಸಲಿ ಪಿನ್ನುಗಳ ತೂಕಕ್ಕೂ ಇವುಗಳ ತೂಕಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಬೆಳಿಗ್ಗೆ ಒಡೆಯುವವರೆಗೆ ಸೀಲೂ ಸರಿಯಾಗಿತ್ತು.

"ಸೀಲು ಒತ್ತೋ ಯಂತ್ರ ಯಾರ ಹತ್ರ ಇರುತ್ತೆ?"

"ಬೀರುವಿನಲ್ಲಿ. ಬೀಗದ ಕೈ ಗುಮಾಸ್ತನ ಹತ್ರ. ತಗೊಂಡೋರು ಪುಸ್ತಕದಲ್ಲಿ ಬರೀಬೇಕು," ಎಂದರು ಉಗ್ರಾಣಾಧಿಕಾರಿ.

ಪುಸ್ತಕದಲ್ಲಿ ಶುಕ್ರವಾರ ಮಧ್ಯಾಹ್ನ 2.15ಕ್ಕೆ ಗುಣಮಟ್ಟ ಪರೀಕ್ಷಕನ ಸಹಿಯಿತ್ತು. ಅಂದು ಸೀಲು ಮಾಡಬೇಕಾದ ಪೆಟ್ಟಿಗೆ ಒಂದೂ ಇರಲಿಲ್ಲ. ಕದಿಯಲು ಬಂದವನು ತನ್ನ ಹೆಸರನ್ನೇ ಬರೆದಿಟ್ಟು ಹೋಗುತ್ತಾನೆಯೇ? ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮಂಗಳವಾರ ಮಧ್ಯಾಹ್ನ 3.30ಕ್ಕೆ ಪರೀಕ್ಷಕನ ಮನೆ ಶೋಧಿಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಣಕಲು ಮನುಷ್ಯ. ಬಾಗಿಲಲ್ಲೇ ನಿಂತು ದಾರಿ ಬಿಟ್ಟ. ಅವನ ಹೆಂಡತಿ ಮಾತ್ರ ಅಡ್ಡ ಬಂದಳು.

"ನಮ್ಮೋರು ಆಫೀಸಿಂದ ಒಂದು ಗುಂಡುಸೂಜಿನೂ ತಂದೋರಲ್ಲಮ್ಮ!"

"ಸುಮ್ನಿರು. ಹೊಲಿಗೆ ಯಂತ್ರದ ಕೆಳಗಿದೆ ಮೇಡಂ," ಎಂದ ಅವನು.

ಹಳೆ ಸೀರೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿಟ್ಟ ಹದಿನಾಲ್ಕು ಪಿನ್ನು. ಕೆಲವುಗಳ ಮೇಲೆ ಸೀಮೆಸುಣ್ಣದ ಉಂಗುರ ಬರೆದಿತ್ತು. ಪಂಚನಾಮೆ ಮುಗಿಸಿ ಅವನನ್ನು ಠಾಣೆಗೆ ಕರೆತಂದರು.

"ಯಾರಿಗೆ ಮಾರೋಕೆ?"

"ಯಾರಿಗೂ ಇಲ್ಲ. ಉಂಗುರ ಇರೋ ಕಡೆ ಬಿರುಕಿದೆ. ಮೂರು ಸಲ ಬರೆದುಕೊಟ್ಟೆ. ಮೇಲಿನೋರು 'ಬಳಸಬಹುದು' ಅಂತ ಬರೆದು ವಾಪಸ್ ಕಳಿಸಿದ್ರು."

"ಪುಸ್ತಕದಲ್ಲಿ ಸಹಿ ಯಾಕೆ ಹಾಕಿದ್ರಿ?"

"ಹಾಕದಿದ್ರೆ ಆ ಬೀಗದ ಕೈ ಇಟ್ಕೊಂಡಿರೋ ಗುಮಾಸ್ತನ ತಲೆಗೆ ಬರ್ತಿತ್ತು."

ಪಿನ್ನುಗಳು ಪ್ರಯೋಗಾಲಯಕ್ಕೆ ಹೋದವು. ಬುಧವಾರ ಮಧ್ಯಾಹ್ನ ಫೋನ್ ಬಂತು.

"ಐದರಲ್ಲಿ ಬಿರುಕಿದೆಯಂತೆ," ಎಂದಳು ಇನ್‌ಸ್ಪೆಕ್ಟರಮ್ಮ.

"ಆರು. ಇನ್ನೊಂದ್ಸಲ ನೋಡೋಕೆ ಹೇಳಿ."

ಹೇಳಿದಳು. ಆರು.

ಹಡಗಿನ ಪ್ರಯಾಣವನ್ನು ಮುಂದೂಡಿದರು. ಆದರೂ ಕಳವು ಕಳವೇ. ಸಂಜೆ 4.10ಕ್ಕೆ ಅವಳು ಬಂಧನದ ಹಾಳೆಯನ್ನು ಅವನ ಮುಂದಿಟ್ಟಳು.

"ಪೊಲೀಸರಿಗೇ ದೂರು ಕೊಡಬಹುದಿತ್ತಲ್ಲ?"

"ನೀವು ಕೇಳಿ, ಮೇಲಿನೋರು ಉತ್ತರ ಕೊಡೋ ಹೊತ್ತಿಗೆ ಹಡಗು ಹೋಗಿರ್ತಿತ್ತು." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಪಿನ್ನು. ಅರ್ಜೆಂಟು ಅಂದ್ರು, ಸರಿಯಾಗಿ ನೋಡದೇ ಸಹಿ ಹಾಕಿದೆ. ಪಿನ್ನು ಮುರಿದು ವಿಮಾನ ನೀರಿಗೆ ಬಿತ್ತು. ಅದನ್ನ ಓಡಿಸ್ತಿದ್ದ ಹುಡುಗ ಸಿಗಲೇ ಇಲ್ಲ. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಚಾಚಿದ. ಪರೀಕ್ಷಕ ಅದನ್ನು ತೆಗೆದುಕೊಳ್ಳಲಿಲ್ಲ, ಮೊದಲ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದ. ಎರಡು ಪುಟ ಮುಗಿಯುವವರೆಗೆ ಇನ್‌ಸ್ಪೆಕ್ಟರಮ್ಮ ಅವಸರ ಮಾಡಲಿಲ್ಲ.