ದನಿ ನುಂಗಿದ ಮಿಕ್ಸಿ

"ನಮ್ಮಮ್ಮನ್ನ ನಾನೇ ಎರಡನೇ ಸಲ ಸಾಯಿಸ್ದೆ ಅಂತಿದಾರೆ, ದೋನ್ಯಾ. ಬೀದಿಯೆಲ್ಲಾ ಅದೇ ಮಾತು. ನಂಗೂ ಹಂಗೇ ಅನ್ಸ್ತಿದೆ."

ಜ್ಯೂಸ್ ಮಾರುವ ಹೆಂಗಸು ಸುನಿಲ್ದಾ ನನ್ನ ಕ್ಷೌರದಂಗಡಿಯ ಹೊಸ್ತಿಲ ಮೇಲೆ ಕುಸಿದು ಕೂತು ಹೀಗೆಂದಾಗ ನನ್ನ ಕೈಯ ಕತ್ತರಿ ಹಾಗೇ ನಿಂತಿತು. ಎರಡನೆಯ ಕುರ್ಚಿಯಲ್ಲಿದ್ದ, ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಎರ್ಸೀಲಿಯಾ ಕಾಫಿ ಲೋಟ ಕೆಳಗಿಟ್ಟರು. ಆ ಕುರ್ಚಿ ಗಿರಾಕಿಗಳಿಗಲ್ಲ, ಅವರಿಗೇ ಮೀಸಲು. ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತರಾದವರು ಅವರು. ತಮ್ಮ ಅಂಗಡಿಗೆ ತಾವೇ ಬೆಂಕಿ ಇಟ್ಟ ವ್ಯಾಪಾರಿಗಳು, ತಮ್ಮ ದೋಣಿಯನ್ನು ತಾವೇ ಮುಳುಗಿಸಿದ ಮೀನುಗಾರರು, ಎಲ್ಲರ ಬಂಡವಾಳವೂ ಅವರ ಕೈಯಲ್ಲಿ ಬಯಲಾಗಿದೆ. ಸುಟ್ಟ ಕಂಪ್ಯೂಟರಿನ ಹೊಟ್ಟೆಯಿಂದ ಕಡತ ಎತ್ತುವುದು ಅವರಿಗೆ ಮೀನಿನ ಮುಳ್ಳು ತೆಗೆದಷ್ಟೇ ಸಲೀಸು. ಬಾನಿ ಪಟ್ಟಣದ ನಮ್ಮ ಬಡಾವಣೆಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಗುಟ್ಟುಗಳನ್ನೂ ಬಿಡಿಸುತ್ತಾರೆ. ಅವರ ಹಿಂದೆ ಬಾಲದ ಹಾಗೆ ನಾನು, ನೆಲೊ.

"ಮೊದ್ಲು ಮೂಗು ಒರೆಸ್ಕೊ," ಎಂದರು ದೋನ್ಯಾ. "ಆಮೇಲೆ ಮೊದ್ಲಿಂದ ಹೇಳು."

ಸುನಿಲ್ದಾಳ ತಾಯಿ ತೊಮಾಸಾ ಅಜ್ಜಿ ನಮ್ಮ ಕಡೆಯ ಹೆಸರಾಂತ ಹಾಡುಗಾರ್ತಿ. ಮಾತೆ ಮರಿಯಳ ಸಾಲ್ವೆ ಹಾಡುಗಳನ್ನು ಅವಳು ಎತ್ತಿಕೊಂಡರೆ ಡೋಲು ಬಡಿಯುವವರೂ ಅಳುತ್ತಿದ್ದರು. ಹೋಗಿ ವರ್ಷವಾಗುತ್ತಾ ಬಂತು. ಶನಿವಾರ ವರ್ಷದ ಪ್ರಾರ್ಥನೆ. ಬದುಕಿದ್ದಾಗ ನಮ್ಮ ಬಡಾವಣೆಯ ಕ್ಲಬ್ಬಿನ ಸಂಗೀತದ ಮೇಷ್ಟ್ರು, ಎಲ್ಲರ ಬಾಯಲ್ಲಿ 'ಪ್ರೊಫೆ', ಎಲ್ಪಿದಿಯೊ ಅವಳ ಮನೆಗೇ ಹೋಗಿ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಕ್ಲಬ್ಬಿನ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಶನಿವಾರ ಆ ದನಿಯನ್ನೇ ಕೇಳಿಸಬೇಕು ಎಂಬುದು ಸುನಿಲ್ದಾಳ ಒಂದೇ ಆಸೆ.

"ನಿನ್ನೆ ಮಧ್ಯಾಹ್ನ ರಿಪೇರಿ ವಾಸ್ಕರ್ ಬಂದು ಅದಕ್ಕೆ ಹೊಸ ಸಿಸ್ಟಮ್ ಅಪ್‌ಡೇಟ್ ಹಾಕಿ, ಮುಗಿಯೋವರ್ಗೂ ಮುಟ್ಬೇಡಿ ಅಂತ ಹೇಳಿ ಊಟಕ್ಕೆ ಹೋದ. ಮಧ್ಯದಲ್ಲಿ ಕರೆಂಟು ಹೋಯ್ತಂತೆ. ಅಪ್‌ಡೇಟ್ ಅರ್ಧಕ್ಕೇ ನಿಂತು ಎಲ್ಲಾ ಹಾಳಾಯ್ತಂತೆ. ಈಗ ಹಚ್ಚಿದ್ರೆ ಚಕ್ರ ತಿರುಗುತ್ತೆ, ಕಪ್ಪಗಾಗುತ್ತೆ, ಮತ್ತೆ ತಿರುಗುತ್ತೆ."

"ಕ್ಲಬ್ಬಲ್ಲಿ ಇನ್ವರ್ಟರ್ ಇದ್ಯಲ್ಲಾ?" ಎಂದರು ದೋನ್ಯಾ.

ಅವಳು ತಲೆ ತಗ್ಗಿಸಿದಳು. "ಇದೆ. ಇನ್ವರ್ಟರ್ ಲೈನಿರೋದು ಒಂದೇ ಪ್ಲಗ್ಗಿಗೆ. ನಾನು ಜ್ಯೂಸ್ ಮಾಡೋಕೆ ಕಂಪ್ಯೂಟರ್ ವಯರ್ ಕಿತ್ತು ಪಕ್ಕದ ಪ್ಲಗ್ಗಿಗೆ ಹಾಕಿ, ಇನ್ವರ್ಟರ್ ಪ್ಲಗ್ಗಿಗೆ ನನ್ನ ಮಿಕ್ಸಿ ಹಾಕ್ದೆ. ಅಪ್‌ಡೇಟ್ ಶುರುವಾಗೋಕ್ಕೆ ಮುಂಚೆನೇ. ದಿನಾ ಹಂಗೇ ಮಾಡೋದು. ಎಲ್ಪಿದಿಯೊ ಮೇಷ್ಟ್ರು ಅದನ್ನೇ ಎಲ್ಲರ ಮುಂದೆ ತೋರಿಸಿ, ನೋಡಿ, ಇವಳ ಮಿಕ್ಸಿ ತೊಮಾಸಾ ಅಜ್ಜಿ ದನಿ ನುಂಗಿಬಿಡ್ತು ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಬಡಾವಣೆಯ ಅರ್ಧ ಜನ ಫೋನು ಚಾರ್ಜ್ ಮಾಡುವುದು ಅದೇ ಪ್ಲಗ್ಗಿನಲ್ಲಿ. ನಾನೇ ಎಷ್ಟು ಸಲ ಬೇಡಿದ್ದೇನೆ. ನನ್ನ ಅಂಗಡಿಯಲ್ಲಿ ಇನ್ವರ್ಟರ್ ಎಲ್ಲಿಂದ ಬರಬೇಕು, ಕರೆಂಟು ಹೋದರೆ ಗಿರಾಕಿಯನ್ನು ಅರ್ಧ ತಲೆಯಲ್ಲೇ ಕೂರಿಸಿ ಬೀಸಣಿಗೆ ಬೀಸುವವನು ನಾನು. ನಿನ್ನೆಯವರೆಗೆ ಎಲ್ಲರಿಗೂ ಆ ಪ್ಲಗ್ಗು ಬೇಕಿತ್ತು. ಇವತ್ತು ಒಬ್ಬ ಬಡ ಹೆಂಗಸು ಸಿಕ್ಕಿದ ಕೂಡಲೇ ಎಲ್ಲರೂ ಸಂತರಾಗಿದ್ದರು.

ನಾವು ಕ್ಲಬ್ಬಿಗೆ ಹೋದಾಗ ವಾಸ್ಕರ್ ಪೆನ್‌ಡ್ರೈವ್ ಹಿಡಿದು ಕಂಪ್ಯೂಟರಿನ ಮುಂದೆ ಬಗ್ಗಿದ್ದ. ಪಕ್ಕದಲ್ಲಿ ಎಲ್ಪಿದಿಯೊ ಮೇಷ್ಟ್ರು, ಮೊನ್ನೆ ನಾನೇ ಕ್ಷೌರ ಮಾಡಿದ ಅಂದದ ತಲೆ. ಚೆನ್ನಾಗಿ ಮಾಡು ನೆಲೊ, ರಾಜಧಾನಿಯಲ್ಲಿ ನನ್ನ ಹಾಡುಗಳ ಡಿಸ್ಕಿನ ಮುಖಪುಟಕ್ಕೆ ಫೋಟೊ ತೆಗೀತಾರೆ ಎಂದು ಕನ್ನಡಿಯಲ್ಲಿ ಎಷ್ಟು ಹೊತ್ತು ನೋಡಿಕೊಂಡಿದ್ದರು!

"ಏನೋ ಮಾಡ್ತಿದೀಯಾ?" ಎಂದರು ದೋನ್ಯಾ.

"ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ತೀನಿ ದೋನ್ಯಾ. ಇನ್ನೇನಿದೆ ಇದ್ರಲ್ಲಿ?"

"ಬೇಗ ಮುಗಿಸಪ್ಪ," ಎಂದರು ಮೇಷ್ಟ್ರು. "ಮಕ್ಕಳ ಪಾಠ ನಿಂತಿದೆ. ಹೋದದ್ದು ಹೋಯ್ತು."

"ಕೈ ತೆಗಿ!" ದೋನ್ಯಾ ಗದರಿದ ರಭಸಕ್ಕೆ ವಾಸ್ಕರನ ಪೆನ್‌ಡ್ರೈವ್ ಕೆಳಗೆ ಬಿತ್ತು. "ನೆಗಡಿ ಬಂತು ಅಂತ ಮೂಗು ಕೊಯ್ಯೋಕೆ ಹೊರಟಿದೀಯಲ್ಲೋ! ಕೆಟ್ಟಿರೋದು ಸಿಸ್ಟಮ್ಮು. ಅದು ಬಾಗಿಲ ಬೀಗ ಇದ್ದಂಗೆ. ಬೀಗ ಕಚ್ಕೊಂಡ್ರೆ ಒಳಗಿನ ಪಾತ್ರೆ ಕರಗಿ ಹೋಗುತ್ತಾ? ನೀನು ಫಾರ್ಮ್ಯಾಟ್ ಹೊಡೆದ್ರೆ ಮಾತ್ರ ಮನೆ ಸುಟ್ಟಂಗೆ. ಎಷ್ಟು ಜನರ ಮನೆ ಸುಟ್ಟಿದೀಯೋ ಇಷ್ಟು ವರ್ಷ?"

ವಾಸ್ಕರ್ ಕಿವಿ ಕೆಂಪಗೆ ಮಾಡಿಕೊಂಡು ನಿಂತ. ದೋನ್ಯಾ ಮೇಷ್ಟ್ರ ಕಡೆ ತಿರುಗಿದರು.

"ನೀವು ಆಗ ಎಲ್ಲಿದ್ರಿ, ಪ್ರೊಫೆ?"

"ಇಲ್ಲೇ ಒಳಕೋಣೆಯಲ್ಲಿ, ಡೋಲಿಗೆ ಚರ್ಮ ಬಿಗೀತಿದ್ದೆ. ಫ್ಯಾನು ನಿಲ್ತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗ್ತು. ಬಂದು ನೋಡ್ತೀನಿ, ಕಂಪ್ಯೂಟರ್ ಸತ್ತು ಮತ್ತೆ ಶುರುವಾಗ್ತಾ ಇತ್ತು."

"ಹಾಡುಗಳ ನಕಲು ಬೇರೆ ಎಲ್ಲಾದ್ರೂ ಇದ್ಯಾ?"

"ಅಯ್ಯೋ, ಇದ್ದಿದ್ರೆ ಕೊಡ್ತಿರ್ಲಿಲ್ವೇ?" ಮೇಷ್ಟ್ರು ಎದೆಯ ಮೇಲೆ ಕೈ ಇಟ್ಟುಕೊಂಡರು.

ನಿನ್ನೆ ಆ ಹೊತ್ತಿಗೆ ವಾಸ್ಕರ್ ಎದುರಿನ ದಿನಸಿ ಅಂಗಡಿಯ ಜಗಲಿಯಲ್ಲಿ ಊಟ ಮಾಡಿ ಡಾಮಿನೊ ಆಡುತ್ತಿದ್ದುದನ್ನು ನಾನೇ ಕಂಡಿದ್ದೆ. ಸುನಿಲ್ದಾ ಕ್ಲಬ್ಬಿನ ಬಾಗಿಲ ಹೊರಗೆ, ನನ್ನ ಕಣ್ಣೆದುರಿಗೇ, ಪರಂಗಿ ಹಣ್ಣಿನ ಜ್ಯೂಸ್ ಮಾರುತ್ತಿದ್ದಳು. ದೋನ್ಯಾ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಮಾತ್ರ ಉಳಿಸಿಕೊಂಡರು. ಅಂಗಡಿಯಲ್ಲಿ ನಾನು ಮೆರೆಂಗೆ ಕುಣಿತದ ಹಾಡು ತುಂಬಿಟ್ಟುಕೊಂಡಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ತರಿಸಿದರು.

ಮೊದಲು ಅವರು ಕಂಪ್ಯೂಟರಿನ ವಯರನ್ನು ಇನ್ವರ್ಟರ್ ಪ್ಲಗ್ಗಿಗೆ ಹಾಕಿದರು. ತಮ್ಮ ಚೀಲದಿಂದ ಇನ್ನೊಂದು ಪೆನ್‌ಡ್ರೈವ್ ತೆಗೆದರು. ಅದರಲ್ಲೇ ಒಂದು ಪುಟ್ಟ ಸಿಸ್ಟಮ್ ಇತ್ತು. ಕಂಪ್ಯೂಟರು ತನ್ನ ಕೆಟ್ಟ ಸಿಸ್ಟಮ್ಮನ್ನು ಎಬ್ಬಿಸದೆ ಇದರಿಂದಲೇ ಎದ್ದಿತು.

"ರೋಗಿಷ್ಠ ಡಿಸ್ಕಿನ ಮೇಲೆ ಒಂದಕ್ಷರ ಬರೀಬಾರ್ದು ನೆಲೊ. ಬರೀ ಓದ್ಬೇಕು, ನಕಲು ತೆಗೀಬೇಕು. ನಕಲು ಕೈಗೆ ಬಂದ ಮೇಲೇ ರಿಪೇರಿ ಮಾತು."

ಪರದೆಯ ಮೇಲೆ 'ತೊಮಾಸಾ' ಎಂಬ ಕಡತ ಕಂಡಾಗ ನಾನು ಶಿಲುಬೆ ಗುರುತು ಹಾಕಿಕೊಂಡೆ. ಒಂದು ಹಾಡೂ ಹೋಗಿರಲಿಲ್ಲ. ನನ್ನ ಡಿಸ್ಕಿಗೆ ನಕಲು ಇಳಿಯುತ್ತಿದ್ದಾಗ ಕರೆಂಟು ಹೋಯಿತು. ಇನ್ವರ್ಟರ್ ಒಮ್ಮೆ ಕೀಚ್ ಎಂದಿತು, ಕಂಪ್ಯೂಟರು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ "ಬಂತೂ ಕರೆಂಟೂ!" ಎಂದು ಕೂಗು ಎದ್ದಿತು, ಯಾರೋ ತಟ್ಟೆ ಬಡಿದರು. ದೋನ್ಯಾ ತಲೆ ಎತ್ತಿ ಆ ಗಲಾಟೆ ಮುಗಿಯುವವರೆಗೂ ಕೇಳಿದರು.

"ನಿನ್ನೆ ಮಧ್ಯಾಹ್ನ ನೀನೇನು ಮಾಡ್ತಿದ್ದೆ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

"ತಲೆ ಬೋಳಿಸ್ತಿದ್ದೆ, ಇನ್ನೇನು? ಪ್ರಾರ್ಥನೆ ಹತ್ರ ಬಂತು ಅಂತ ಜನವೋ ಜನ. ಮಷಿನ್ ಹಿಡಿದೂ ಹಿಡಿದೂ ಕೈ ಜೋಮು ಹಿಡೀತು. ಒಂದು ಗಳಿಗೆ ಕೂರ್ಲಿಲ್ಲ."

"ಶಹಬ್ಬಾಸ್," ಎಂದರು. ಯಾಕೆಂದು ನನಗೆ ಹೊಳೆಯಲಿಲ್ಲ. ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡುಗಳನ್ನು ಒಂದೊಂದಾಗಿ ಕೇಳತೊಡಗಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪೇರಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಎಸೆದರು. ನಂತರ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಹಿಂದಕ್ಕೆ ತೆಗೆಸಿದರು. ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ತನ್ನ ಹಳೆಯ ಮುಖ ತೋರಿಸಿತು.

"ಬೀದಿಯೋರನ್ನೆಲ್ಲಾ ಕ್ಲಬ್ಬಿನ ಮುಂದಿನ ಬಾದಾಮಿ ಮರದ ಕೆಳಗೆ ಸೇರಿಸು. ಹಾಡು ಸಿಕ್ಕಿದ್ದು ಯಾರ ಹತ್ರಾನೂ ಬಾಯಿ ಬಿಡ್ಬೇಡ. ದೊಡ್ಡ ಸ್ಪೀಕರ್ ಹೊರಗೆ ಇಡು."

ಬಿಸಿಲು ಇಳಿಯುವ ಹೊತ್ತಿಗೆ ಜನ ತಾವೇ ಕುರ್ಚಿ ತಂದು ಸೇರಿದರು. ಸುನಿಲ್ದಾ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು. ಅವಳ ಪಕ್ಕ ಯಾರೂ ನಿಲ್ಲಲಿಲ್ಲ. ಅದನ್ನು ನೋಡಿ ನಾನು ಹೋಗಿ ನಿಂತೆ.

"ಪ್ರೊಫೆ," ಎಂದರು ದೋನ್ಯಾ, "ನಿನ್ನೆ ಕರೆಂಟು ಹೋಗಿ ಬಂತು ಅಂದ್ರಿ. ಬಂದಾಗ ಕೂಗು ಕೇಳ್ಸ್ತಾ?"

"ಕೇಳ್ಸ್ದೆ ಇರುತ್ತಾ? ಬೀದಿ ಹುಡುಗ್ರೆಲ್ಲಾ ಕೂಗಿದ್ರು, ಯಾವಾಗ್ಲೂ ಕೂಗೋ ಹಂಗೆ."

ದೋನ್ಯಾ ಜನರತ್ತ ತಿರುಗಿದರು. "ಕೂಗಿದೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿನಸಿ ಅಂಗಡಿಯವನು, "ನಿನ್ನೆ ಮಧ್ಯಾಹ್ನ ನಮ್ಮ ಟಿವಿಯಲ್ಲಿ ಬೇಸ್‌ಬಾಲ್ ನಡೀತಾನೇ ಇತ್ತಲ್ಲಾ," ಎಂದ. ಆಗ ನನ್ನ ದಡ್ಡ ತಲೆಗೂ ಬೆಳಕು ಹರಿಯಿತು.

"ನನ್ನ ಮಷಿನ್ನು!" ಎಂದು ಕೂಗಿದೆ. "ಒಂದ್ಸಲಾನೂ ನಿಲ್ಲಲಿಲ್ಲ! ಕರೆಂಟು ಹೋಗೇ ಇಲ್ಲ!"

"ಹೋಗೇ ಇಲ್ಲ," ಎಂದರು ದೋನ್ಯಾ. "ಸುನಿಲ್ದಾ ವಯರ್ ಬದಲಾಯಿಸಿದ್ದು ನಿಜ. ಆದ್ರೆ ಕರೆಂಟು ಹೋಗದಿದ್ರೆ ಎರಡು ಪ್ಲಗ್ಗೂ ಒಂದೇ. ಅವಳ ಮಿಕ್ಸಿ ಯಾವ ಪಾಪಾನೂ ಮಾಡಿಲ್ಲ. ಹಂಗಾದ್ರೆ ಅಪ್‌ಡೇಟ್ ಮಧ್ಯೆ ಕಂಪ್ಯೂಟರ್ ಯಾಕೆ ಸತ್ತಿತು? ಯಾರೋ ಕೈಯಾರೆ ವಯರ್ ಕಿತ್ತು ಮತ್ತೆ ಚುಚ್ಚಿದಾರೆ. ವಾಸ್ಕರ್ ಡಾಮಿನೊ ಆಡ್ತಿದ್ದ. ಸುನಿಲ್ದಾ ಬೀದೀಲಿದ್ಲು. ಒಳಗಿದ್ದೋರು ಒಬ್ರೇ. ಆಗದ ಕರೆಂಟು ಕಡಿತ ಕಂಡೋರು, ಯಾರೂ ಕೂಗದ ಕೂಗು ಕೇಳಿದೋರೂ ಅವರೊಬ್ರೇ."

"ನಾನ್ಯಾಕೆ ಹಾಳು ಮಾಡ್ಲಿ?" ಎಂದರು ಮೇಷ್ಟ್ರು. "ರೆಕಾರ್ಡ್ ಮಾಡಿದ್ದೇ ನಾನು!"

"ಮಾಡಿದ್ದು ನೀವೇ. ಹಾಡಿನ ಮುಂಚೆ ತೊಮಾಸಾ ಆಡಿದ ಮಾತು ಕತ್ತರಿಸಿ, ಮನೆ ಸದ್ದೆಲ್ಲಾ ಅಳಿಸಿ, ರಚನೆ ಎಲ್ಪಿದಿಯೊ ಅಂತ ಹೆಸರು ಹಚ್ಚಿ ಪ್ರತ್ಯೇಕ ಇಟ್ಟಿದ್ದೂ ನೀವೇ. ಎರಡೂ ಕಂಪ್ಯೂಟರಲ್ಲಿವೆ, ಈಗ ತಾನೇ ಕೇಳಿದೀನಿ. ರಾಜಧಾನಿಯಲ್ಲಿ ಬರೋ ಡಿಸ್ಕು ಅದೇ ತಾನೇ? ಅಸಲಿ ಉಳಿದಿದ್ರೆ ನಿಮ್ಮ ಬಣ್ಣ ಬಯಲಾಗ್ತಿತ್ತು. ನೀವೇ ಅಳಿಸಿದ್ರೆ ಜನ ನಿಮ್ಮನ್ನ ಕೇಳ್ತಿದ್ರು. ಅಪ್‌ಡೇಟ್ ಕೆಟ್ರೆ ಯಾರನ್ನ ಕೇಳ್ತಾರೆ? ಫಾರ್ಮ್ಯಾಟ್ ಹೊಡೆಯೋಕೆ ಈ ಸೋಮಾರಿ ವಾಸ್ಕರ್ ಇದ್ದ. ಪಾಪ ಹೊರೋಕೆ ಸುನಿಲ್ದಾ ಇದ್ಲು. ನಕಲು ನಿಮ್ಮ ಹತ್ರ ಇರ್ಲೇಬೇಕು, ಪ್ರೊಫೆ. ಇಲ್ಲಿಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ದಿನಸಿ ಅಂಗಡಿಯವನು ಎದ್ದು ಆ ಜೇಬಿನಿಂದ ಪೆನ್‌ಡ್ರೈವ್ ತೆಗೆದು ದೋನ್ಯಾರ ಕೈಗಿಟ್ಟ. "ಥೂ!" ಎಂದಳು ಒಬ್ಬ ಮುದುಕಿ. "ಸತ್ತೋಳ ಹಾಡು ಕದ್ದು, ಬದುಕಿರೋ ಮಗಳ ತಲೆಗೆ ಕಟ್ಟಿದ್ಯಲ್ಲೋ! ನೀನೂ ಒಬ್ಬ ಮೇಷ್ಟ್ರೇ?" ಅದೇ ಮುದುಕಿ ಬೆಳಗ್ಗೆ ಸುನಿಲ್ದಾಳನ್ನು ಬೈದಿದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು.

"ನೀವೂ ಜಂಬ ಪಡ್ಬೇಡಿ," ಎಂದು ದೋನ್ಯಾ ಎಲ್ಲರ ಮೇಲೂ ಹರಿಹಾಯ್ದರು. "ನಿನ್ನೆ ಕರೆಂಟು ಹೋಗಿಲ್ಲ ಅಂತ ನಿಮ್ಮಲ್ಲಿ ಪ್ರತಿಯೊಬ್ರಿಗೂ ಗೊತ್ತಿತ್ತು. ಒಂದು ಕ್ಷಣ ನೆನಪು ಮಾಡ್ಕೊಂಡಿದ್ರೆ ಸಾಕಿತ್ತು. ಮೇಷ್ಟ್ರ ಮಾತು ದೊಡ್ಡದು, ಜ್ಯೂಸ್ ಮಾರೋಳ ಕಣ್ಣೀರು ಸಣ್ಣದು, ಅಲ್ವಾ? ನೆಲೊ, ನಿಂಗೂ ಸೇರಿಸೇ ಹೇಳ್ತಿದೀನಿ."

ದೋನ್ಯಾ ಒಳಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದರು.

ಸ್ಪೀಕರಿನಿಂದ ಮೊದಲು ಗರ್ರ್ ಎಂಬ ಸದ್ದು ಬಂತು. ಮಿಕ್ಸಿ. ಅದರ ಮೇಲೆ, ನಾವೆಲ್ಲ ವರ್ಷದಿಂದ ಕೇಳದಿದ್ದ ಆ ಒರಟು ದನಿ:

"ಇದು ನನ್ನ ಸುನಿಲ್ದಾ ಹುಟ್ಟಿದ ದಿನ ನಾನೇ ಕಟ್ಟಿದ್ದು. ನಾನು ಹೋದ್ಮೇಲೆ ಅವಳಿಗೆ ಸೇರಿದ್ದು, ತಿಳೀತಾ ಪ್ರೊಫೆ? ಏ ಸುನಿಲ್ದಾ! ಆ ಮಿಕ್ಸಿ ನಿಲ್ಲಿಸೇ ಮಹರಾಯ್ತಿ, ಹಾಡ್ಬೇಕು ನಾನು!"

"ನಿಲ್ಲಿಸ್ದೆ ಅಮ್ಮಾ," ಎಂದು ಗೋಡೆಯ ಪಕ್ಕದಿಂದ ಸುನಿಲ್ದಾ ತಟ್ಟನೆ ಉತ್ತರ ಕೊಟ್ಟಳು.

ಆಮೇಲೆ ಬಾಯಿಗೆ ಸೆರಗಿನ ಹಾಗೆ ತನ್ನ ಏಪ್ರನ್ ಒತ್ತಿಕೊಂಡಳು. ಸ್ಪೀಕರಿನಲ್ಲಿ ಮಿಕ್ಸಿ ನಿಂತಿತು, ತೊಮಾಸಾ ಅಜ್ಜಿ ಹಾಡತೊಡಗಿದಳು.