ಘ್ರಾಣಿಯ ಬಿಳಿ ದೀಪ

ಘ್ರಾಣಿಯನ್ನು ಕೆಲಸಕ್ಕೆ ಹಚ್ಚುವ ಮೊದಲು ಡಾಕ್ಟರ್ ಸಿಂಚನ ಅದರ ಮೂತಿಯನ್ನು ತನ್ನದೇ ಕಿವಿಯ ಹಿಂದೆ ಹಿಡಿದುಕೊಳ್ಳುವುದು ರೂಢಿ. ಬಿಳಿ ದೀಪ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಆ ಬೆಳಿಗ್ಗೆ ನಂಜನಗೂಡಿನ ಸಮುದಾಯ ಭವನದಲ್ಲೂ ಬಿಳಿ ದೀಪವೇ ಬಂತು. ಹೊರಗೆ ಕಾದಿದ್ದ ಜನರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು.

ಟಾರ್ಚಿನಷ್ಟಿದ್ದ ಆ ಯಂತ್ರ ಮಾಡುತ್ತಿದ್ದುದು ಮೂಸುವ ಕೆಲಸ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿಗೆ ಡೋಪಮಿನ್ ಎಂಬ ರಸವನ್ನು ಒದಗಿಸುವ ಕೋಶಗಳು ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ಕೈ ನಡುಗುವ ಹೊತ್ತಿಗೆ ಬಹುಪಾಲು ಹೋಗಿಯೇ ಬಿಟ್ಟಿರುತ್ತವೆ. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಚರ್ಮದ ಜಿಡ್ಡಿನ ವಾಸನೆ ಕೊಂಚ ಬದಲಾಗಿರುತ್ತದೆ. ಮನುಷ್ಯರ ಮೂಗಿಗೆ ಸಿಕ್ಕದ ಆ ಬದಲಾವಣೆಯನ್ನು ಘ್ರಾಣಿ ಹಿಡಿಯುತ್ತಿತ್ತು. ಕಿತ್ತಳೆ ದೀಪ ಬಂದವರಿಗೆ ಆಗಲೇ ಔಷಧಿ ಕೊಟ್ಟರೆ ಉಳಿದ ಕೋಶಗಳು ಬದುಕಿಕೊಳ್ಳುತ್ತಿದ್ದವು. ತಡವಾದರೆ ಅದೇ ಔಷಧಿ ಹೊಳೆಗೆ ಸುರಿದಂತೆ. 2055ರ ಹೊತ್ತಿಗೆ ಘ್ರಾಣಿ ಊರೂರಿಗೂ ಬಂದಿತ್ತು.

ಅಂದು ಮೊದಲು ಬಂದವನು ಪೇಟೆಬೀದಿಯ ದರ್ಜಿ ವಿಠ್ಠಲ. ಅವನ ಅಪ್ಪನೂ ದರ್ಜಿಯೇ. ಕೊನೆಗಾಲದಲ್ಲಿ ಕತ್ತರಿ ಹಿಡಿಯಲಾಗದೆ, ಮಗನ ಕೈಯಿಂದ ತುತ್ತು ತಿಂದು ತೀರಿಕೊಂಡವನು. ಈಗ ತನಗೂ ಅಂಗಿಯ ಗುಂಡಿ ಹಾಕಿಕೊಳ್ಳುವುದು ನಿಧಾನವಾಗಿದೆ, ರಾತ್ರಿ ಅದೇ ಯೋಚನೆ ಎಂದು ವಿಠ್ಠಲ ತಡವರಿಸುತ್ತಾ ಹೇಳಿದ. ಘ್ರಾಣಿ ಬಿಳಿ ದೀಪ ತೋರಿಸಿತು.

"ಏನೂ ಇಲ್ಲ, ಧೈರ್ಯವಾಗಿ ಹೋಗಿ" ಎಂದಳು ಸಿಂಚನ.

ವಿಠ್ಠಲ ಕಣ್ಣೊರೆಸಿಕೊಂಡು ಕೈಮುಗಿದು ಹೊರಟ. ನಡೆಯುವಾಗ ಅವನ ಎಡಗೈ ಬೀಸುತ್ತಿತ್ತು, ಬಲಗೈ ಪಕ್ಕೆಗೆ ಅಂಟಿಕೊಂಡಂತೆ ಸುಮ್ಮನಿತ್ತು. ಕಾಯಿಲೆಯ ಮೊದಲ ಲಕ್ಷಣದಂತಿದ್ದ ಅದನ್ನು ಅವಳು ನೋಡಿದಳು. ಯಂತ್ರಕ್ಕಿಂತ ತನ್ನ ಕಣ್ಣು ದೊಡ್ಡದೇನು ಎಂದುಕೊಂಡು ಮುಂದಿನವರನ್ನು ಕರೆದಳು.

ಮಧ್ಯಾಹ್ನ ಹಿಂದಿನ ಅಡುಗೆಕೋಣೆಯಲ್ಲಿ ಒಲೆಯ ಪಕ್ಕದಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದಾಗ ಅವಳ ಸಹಾಯಕ ಅರ್ಮಾನ್ ಮೂಗು ಮುಚ್ಚಿಕೊಂಡು ಓಡಿಬಂದು ಒಲೆ ಆರಿಸಿದ.

"ಹಾಲು ತಳ ಹಿಡಿದು ಸೀದೋಗಿದೆ ಮೇಡಂ. ಬೀದಿ ಬಾಗಿಲ ತನಕ ವಾಸನೆ. ನಿಮಗೆ ಗೊತ್ತಾಗ್ಲಿಲ್ವಾ?"

ಸಿಂಚನ ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದಳು. ಮುಖಕ್ಕೆ ಬಿಸಿ ತಾಗಿತು. ವಾಸನೆ ಬರಲಿಲ್ಲ.

ಕೈ ನಡುಗುವುದಕ್ಕೆ ಎಷ್ಟೋ ಮೊದಲು ಕೆಲವರಲ್ಲಿ ಮೂಗು ಸೋಲುತ್ತದೆ ಎಂದು ಊರೂರಲ್ಲಿ ಹೇಳಿಕೊಂಡು ಬಂದವಳು ಅವಳೇ. ಬೆಳಿಗ್ಗೆಯಷ್ಟೇ ಬಿಳಿ ದೀಪ ಬಂದಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದಳು. ಆ ದೀಪ ಯಾವುದನ್ನು ನೋಡಿ ಬಿಳಿಯಾಗುತ್ತದೆ ಎಂಬುದು ಆಗ ನೆನಪಾಯಿತು.

ವರ್ಷಗಳ ಹಿಂದೆ ಮೈಸೂರಿನ ಪ್ರಯೋಗಾಲಯದಲ್ಲಿ ಅವಳೇ ಘ್ರಾಣಿಯನ್ನು ರೂಪಿಸಿದಾಗ ಅಳತೆಗೆ ಒಂದು ಮಾದರಿ ಬೇಕಿತ್ತು. ಆರೋಗ್ಯವಂತ ಮೈಯ ವಾಸನೆ ಇಂಥದ್ದು ಎಂದು ಘ್ರಾಣಿಗೆ ಮೊದಲು ತೋರಿಸಬೇಕಿತ್ತು. ಮೈಸೂರಿನಲ್ಲಿ ಬರೀ ಮೈಯ ವಾಸನೆಯ ಮನುಷ್ಯರು ಎಲ್ಲಿ ಸಿಗಬೇಕು? ಒಬ್ಬರ ಮುಡಿಯಲ್ಲಿ ಮಲ್ಲಿಗೆ, ಇನ್ನೊಬ್ಬರ ಕೊರಳಿಗೆ ಗಂಧ, ಕೊಬ್ಬರಿ ಎಣ್ಣೆ, ಊದುಬತ್ತಿಯ ಹೊಗೆ, ಅತ್ತರು. ಸಂಶೋಧನೆಗೆಂದು ಇದೆಲ್ಲವನ್ನೂ ಸೋಪನ್ನೂ ಬಿಟ್ಟವಳು ಆಗ ಅವಳೊಬ್ಬಳೇ. ತನ್ನ ಕತ್ತು ಒರೆಸಿದ ಬಟ್ಟೆಯನ್ನೇ ತಾತ್ಕಾಲಿಕವಾಗಿ ಮಾದರಿ ಎಂದು ಇಟ್ಟಳು. ನಮ್ಮಲ್ಲಿ ತಾತ್ಕಾಲಿಕ ಅಂತ ಮಾಡಿದ್ದು ಯಾವುದು ತಾನೇ ತಾತ್ಕಾಲಿಕವಾಗೇ ಉಳಿದಿದೆ? ವರ್ಷ ವರ್ಷವೂ ಹೊಸದಾಗಿ ಒರೆಸಿದ ಅವಳ ಬಟ್ಟೆಯೇ ನಾಡಿನ ಘ್ರಾಣಿಗಳಿಗೆಲ್ಲ ಆರೋಗ್ಯದ ಅಳತೆಯಾಯಿತು. ಕಾಯಿಲೆಯ ವಾಸನೆ ಆ ಬಟ್ಟೆಯದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಿತ್ತಳೆ ದೀಪ ಬರುತ್ತಿತ್ತು. ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚದವಳಿಗೆ ತನ್ನ ಮೂಗು ಯಾವಾಗ ಹೋಯಿತೆಂದು ತಿಳಿಯುವುದಾದರೂ ಹೇಗೆ?

ಅರ್ಮಾನ್ ಕೆಲಸಕ್ಕೆ ಸೇರಿದಂದೇ ಅತ್ತರು ಬಿಟ್ಟಿದ್ದ ಹುಡುಗ. ಅವನ ಕತ್ತು ಒರೆಸಿದ ಬಟ್ಟೆಯನ್ನು ಮಾದರಿಯ ಜಾಗದಲ್ಲಿಟ್ಟು ಯಂತ್ರವನ್ನು ಅವನ ಕೈಗೇ ಕೊಟ್ಟಳು. ತಾನೇ ಹಿಡಿದುಕೊಳ್ಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಕಿತ್ತಳೆ ದೀಪ.

ಅರ್ಮಾನ್ ಯಂತ್ರವನ್ನು ಆರಿಸಿ ಕೆಳಗಿಟ್ಟ. ಆಮೇಲೆ ದನಿ ತಗ್ಗಿಸಿ, "ಮಾದರಿ ಬದಲಾಯಿಸಿಬಿಡೋಣ ಮೇಡಂ. ಇವತ್ತಿಂದ ಎಲ್ಲ ಸರಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ" ಎಂದ.

ಒಂದು ಕ್ಷಣ ಅವಳಿಗೂ ಅದೇ ಸರಿ ಅನ್ನಿಸಿತು. ತನ್ನ ಭಯವೇ ತನಗೆ ಹೊರಲಾರದಷ್ಟಿತ್ತು. ಆದರೆ ಅವಳಷ್ಟು ಕಾಯಿಲೆ ಇದ್ದವರನ್ನೆಲ್ಲ ಯಂತ್ರ ಬಿಳಿ ದೀಪ ತೋರಿಸಿ ಮನೆಗೆ ಕಳಿಸಿತ್ತು. ಅವರೆಲ್ಲ ನಿಶ್ಚಿಂತೆಯಿಂದ ಇದ್ದರು. ಹೋದ ವರ್ಷ, ಅದರ ಹಿಂದಿನ ವರ್ಷ ಬಂದು ಹೋದವರಲ್ಲಿ ಎಷ್ಟು ಜನರಿಗೆ ಆಗಲೇ ತಡವಾಗಿದೆಯೋ.

"ಬೆಳಿಗ್ಗೆ ಬಂದಿದ್ದರಲ್ಲ, ಆ ದರ್ಜಿಗೆ ಫೋನ್ ಮಾಡು" ಎಂದಳು. "ಆಮೇಲೆ ಎಲ್ಲ ಊರಿನ ಯಂತ್ರಗಳನ್ನೂ ನಿಲ್ಲಿಸು. ಯಾಕೆ ಅಂತ ನಾನೇ ಹೇಳ್ತೀನಿ."

ವಿಠ್ಠಲ ನಗುನಗುತ್ತಲೇ ಬಂದ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಒಳ್ಳೆಯ ಸುದ್ದಿ ಕೊಟ್ಟ ಡಾಕ್ಟರಿಗೆ ಬರಿಗೈಯಲ್ಲಿ ಬರುವುದು ಹೇಗೆ ಎಂದು ತಂದಿದ್ದನಂತೆ. ಸಿಂಚನ ಏನನ್ನೂ ಮುಚ್ಚಿಡದೆ ಹೇಳಿ, ಘ್ರಾಣಿಯನ್ನು ಅವನ ಕಿವಿಯ ಹಿಂದೆ ಮತ್ತೆ ಹಿಡಿದಳು. ಕಿತ್ತಳೆ ದೀಪ ಬಂತು. ಅವನ ಮುಖದ ನಗು ಇಳಿಯುವುದನ್ನು ನೋಡಲಾರದೆ ಅವಳು ಮೇಜಿನ ಮೇಲಿದ್ದ ಹಣ್ಣನ್ನು ನೋಡಿದಳು.

"ನಿಮಗೆ ಇನ್ನೂ ಹೊತ್ತು ಮೀರಿಲ್ಲ. ನಾಳೆಯಿಂದಲೇ ಔಷಧಿ ಶುರು ಮಾಡ್ತೀನಿ" ಎಂದು, ಕೊಂಚ ತಡೆದು ಕೇಳಿದಳು, "ಈ ಹಣ್ಣಿನ ವಾಸನೆ ಬರ್ತಿದೆಯಾ ನಿಮಗೆ?"

ವಿಠ್ಠಲ ಒಂದು ಹಣ್ಣನ್ನು ಮೂಗಿಗೆ ಹಿಡಿದು ಇಟ್ಟ. "ಈಗಿನ ಹಣ್ಣಿಗೆ ಮೊದಲಿನ ಘಮ ಎಲ್ಲಿದೆ ಮೇಡಂ? ನಾಲ್ಕೈದು ವರ್ಷದಿಂದ ಹಿಂಗೇ."

ಬಾಗಿಲಲ್ಲಿ ನಿಂತಿದ್ದ ಅರ್ಮಾನ್ ಮುಖ ತಿರುಗಿಸಿಕೊಂಡ. ಕೋಣೆಯ ತುಂಬ ರಸಬಾಳೆಯ ಘಮ ಅವನಿಗೆ ಬರುತ್ತಿತ್ತು.

"ನನಗೂ ಬರ್ತಿಲ್ಲ" ಎಂದಳು ಸಿಂಚನ.

ಕೊರೊನಾ ಬಂದ ವರ್ಷ ಅವಳಿಗೆ ಹದಿನೇಳು. ಅಮ್ಮ ದಿನಾ ಬೆಳಿಗ್ಗೆ ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮನೆಮಂದಿಯ ಮೂಗಿಗೆಲ್ಲ ಹಿಡಿದು, ವಾಸನೆ ಬಂತಾ ಎಂದು ಕೇಳುತ್ತಿದ್ದಳು. ಬಂತು ಅಂದರೆ ಅವಳ ಮುಖ ಅರಳುತ್ತಿತ್ತು. ಕಾಯಿಲೆಯ ಕಾಲ ಕಳೆಯಿತು, ಡಬ್ಬಿ ಮತ್ತೆ ಕಪಾಟಿಗೆ ಹೋಯಿತು. ಆಮೇಲೆ ವಾಸನೆ ಬಂತಾ ಎಂದು ಯಾರೂ ಯಾರನ್ನೂ ಕೇಳಲೇ ಇಲ್ಲ.