ನಡುಹಗಲಿನ ಗುಲಾಬಿ ಗೆರೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ದೇವದುರ್ಗದ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ, ಮಾನ್ವಿಯ ಆ ಓಣಿಯಲ್ಲಿ ಎಂದಿನಂತೆ ಕರೆಂಟು ಹೋಯಿತು. ಎದುರುಮನೆಯ ಗುಲ್ಶನ್ ಬೇಗಂ ಎಂದಿನಂತೆ ಕಿಟಕಿಯಿಂದ ಕೂಗಿದರು: "ಉಮಾ, ಯಾವಾಗ ಬರ್ತದಂತ ನಿನ್ನ ಗಂಡನ್ನ ಕೇಳವಾ!" ಕೂಗಿದ ಮೇಲೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಉಮಾದೇವಿಗೆ ಅಳು ಬರಲಿಲ್ಲ. ಸೀರೆ ಬದಲಿಸಿ ಪೊಲೀಸ್ ಠಾಣೆಗೆ ನಡೆದಳು.

ಅವಳ ಗಂಡ ಹುಲಿಗೇಶ ಲೈನ್‌ಮನ್. ಬಾಗಲವಾಡದ ಹೊಲವೊಂದರ ಕಂಬದ ಮೇಲೆ ವಿದ್ಯುತ್ ತಗುಲಿ ಸತ್ತಿದ್ದ. ಪೊಲೀಸರು ಅಸಹಜ ಸಾವು ಎಂದು ದಾಖಲಿಸಿದ್ದರು. ಅವನ ಇಲಾಖೆಯ ವರದಿ ಬೇರೆ ಬಂದಿತ್ತು: ಆ ಹೊತ್ತು ಲೈನ್ ಬಂದ್ ಇತ್ತು, ಯಾವುದೋ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದಿರಬಹುದು, ಯಾರಿಗೂ ತಿಳಿಸದೆ ಕಂಬ ಹತ್ತಿದ್ದು ಮೃತನ ಅಜಾಗರೂಕತೆ.

"ಏನ್ ದೂರು?" ಇನ್‌ಸ್ಪೆಕ್ಟರ್ ಮೌನಪ್ಪ ಕೇಳಿದರು.

"ಅವರು ಫೋನ್ ಹಚ್ಚದೆ ಕಂಬ ಏರತಿರಲಿಲ್ಲ ಸರ್."

"ಯಾರಿಗೆ ಹಚ್ಚತಿದ್ರು?"

"ಸಬ್‌ಸ್ಟೇಷನ್‌ನ್ಯಾಗ ಡ್ಯೂಟಿ ಮ್ಯಾಲ ಇದ್ದವರಿಗೆ."

"ಈಗ ನಿಮಗ ಏನಾಗಬೇಕು?"

"ತಪ್ಪು ಯಾರದ್ದಂತ ಬರೀರಿ. ಅವರದ್ದೇ ಆದ್ರ ಅವರದ್ದೇ ಅಂತ ಬರೀರಿ."

ಮೌನಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಅಂದೇ ಎಫ್‌ಐಆರ್ ಆಯಿತು: ನಿರ್ಲಕ್ಷ್ಯದಿಂದ ಸಾವು, ಬಿಎನ್‌ಎಸ್ ಕಲಂ 106(1). ಮಧ್ಯಾಹ್ನ ಸ್ಥಳ ಪಂಚನಾಮೆ. ಕಂಬದ ಸುತ್ತಮುತ್ತ ಎಲ್ಲೂ ಜನರೇಟರು ಸಿಗಲಿಲ್ಲ. ಹುಲಿಗೇಶನ ಫೋನಿನ ವಿವರ ಬಂದಾಗ ಕೊನೆಯ ಕರೆ ಸಬ್‌ಸ್ಟೇಷನ್ನಿನ ಆಪರೇಟರ್ ಈರಯ್ಯನಿಗೆ ಹೋಗಿತ್ತು.

"ಊಟಕ್ಕ ಬರತೀಯೇನಂತ ಕೇಳಿದ ಸಾಹೇಬ್ರ," ಎಂದ ಈರಯ್ಯ. "ಕಂಬದ ಮಾತು ಬರಲಿಲ್ಲ."

"ಲೈನ್?"

"ಬಂದ್ ಇತ್ರಿ. ಲಾಗ್‌ಶೀಟ್ ನೋಡ್ರಿ, ಸೊನ್ನಿ ಅದ."

ಯಾವ ಲೈನಿನಲ್ಲಿ ಎಷ್ಟು ಕರೆಂಟು ಹರಿಯಿತೆಂದು ತಾಸುತಾಸಿಗೆ ಲಾಗ್‌ಶೀಟ್ ಬರೆಯುವವರು ಆಪರೇಟರುಗಳೇ. ಮೀಟರು ತಾನಾಗಿಯೇ ಅರ್ಧ ಗಂಟೆಗೊಮ್ಮೆ ಉಳಿಸಿಕೊಳ್ಳುವ ಅಂಕಿಗಳನ್ನು ಕೇಳಿ ಮೌನಪ್ಪ ರಾಯಚೂರಿನ ಕಚೇರಿಗೆ ಪತ್ರ ಬರೆದರು. ಪೆನ್‌ಡ್ರೈವಿನಲ್ಲಿ ಮೂರು ತಿಂಗಳ ಲೆಕ್ಕ ಬಂತು. ಕಾನ್‌ಸ್ಟೆಬಲ್ ಜಾಹೆದಾ ಅದನ್ನು ತೆರೆದು ಹಣೆ ಒತ್ತಿಕೊಂಡಳು.

"ಯಾ ಅಲ್ಲಾ! ಜ್ವಾಳದ ರಾಶಿ ಚೆಲ್ಲಿದಂಗ ಅದರೀ ಸರ್. ಇದರಾಗ ಏನ್ ಹುಡುಕೂದು?"

ದೂರುದಾರಳು ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಎಂದು ಮೌನಪ್ಪ ತಾವೇ ಹೇಳಿಕೆಯಲ್ಲಿ ಬರೆದುಕೊಂಡಿದ್ದರು. ಅವಳಿಗೆ ಹೇಳಿ ಕಳಿಸಿ, ಬಂದ ಮೇಲೆ ಎಂದರು:

"ದೂರು ಕೊಟ್ಟವರು ನೀವು, ಮೌಸ್ ಮುಟ್ಟಬ್ಯಾಡ್ರಿ. ಕೋರ್ಟಿನ್ಯಾಗ ನಿಲ್ಲಂಗಿಲ್ಲ. ಬಾಯಿಲೆ ಹೇಳ್ರಿ, ಜಾಹೆದಾ ಮಾಡ್ತಾಳ."

ಉಮಾದೇವಿ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಳು. "ದಿನಕ್ಕೊಂದು ಅಡ್ಡ ಸಾಲು. ಅರ್ಧ ಗಂಟಿಗೊಂದು ಉದ್ದ ಸಾಲು. ಎಲ್ಲಾ ಹಿಡಿದು ಕಂಡೀಷನಲ್ ಫಾರ್ಮ್ಯಾಟಿಂಗ್ ಒತ್ತು, ಅದರಾಗ ಕಲರ್ ಸ್ಕೇಲ್. ಸೊನ್ನಿಗೆ ಬಿಳಿ, ಹೆಚ್ಚಾದಂಗ ಕೆಂಪು."

ಜಾಹೆದಾ ಸಬ್‌ಸ್ಟೇಷನ್ನಿನಿಂದ ಹೊರಡುವ ಎಲ್ಲ ಲೈನುಗಳಿಗೂ ಒಟ್ಟಿಗೇ ಬಣ್ಣ ಹಚ್ಚಿದಳು. ಸಿರವಾರದ ಅಕ್ಕಿ ಮಿಲ್ಲುಗಳ ಲೈನು ಕೆಂಡದಂತೆ ಹೊತ್ತಿಕೊಂಡಿತು. ಬಾಗಲವಾಡದ್ದು ಹೆಚ್ಚುಕಡಿಮೆ ಬಿಳಿ.

"ಇದರಾಗ ಏನೂ ಇಲ್ಲಕ್ಕಾ."

"ಮಿಲ್ಲಿನ ಜೋಡಿ ಹಿಡಿದ್ರ ಹೊಲದ ಲೈನ್ ಎಲ್ಲಿ ಕಾಣಬೇಕು? ಬಣ್ಣ ಅಳಿಸು. ಬಾಗಲವಾಡದ್ದೊಂದಕ್ಕೇ ಹಚ್ಚು."

ಈ ಸಲ ಬೆಳಗಿನ ಜಾವ ಪಂಪುಸೆಟ್ಟುಗಳಿಗೆ ಕರೆಂಟು ಕೊಡುವ ತಾಸುಗಳು ದಪ್ಪ ಕೆಂಪು ಪಟ್ಟಿಯಾಗಿ ಮೂಡಿದವು. ಆಮೇಲೆ ಬರೀ ಬಿಳಿ. ಆ ಬಿಳಿಯ ನಡುವೆ, ಲಾಗ್‌ಶೀಟಿನಲ್ಲಿ ದಿನವೂ ಸೊನ್ನೆ ಇದ್ದ ನಡುಹಗಲಿನ ಜಾಗದಲ್ಲಿ, ಮೇಲಿನಿಂದ ಕೆಳಗಿನವರೆಗೆ ತೆಳ್ಳನೆಯ ಗುಲಾಬಿ ಗೆರೆ. ಅಲ್ಲಲ್ಲಿ ಕಡಿದಿತ್ತು. ಮೌನಪ್ಪ ಡ್ಯೂಟಿ ಪಟ್ಟಿ ತಂದು ಪಕ್ಕಕ್ಕೆ ಹಿಡಿದರು. ಗೆರೆ ಕಡಿದ ದಿನಗಳಲ್ಲಿ ಈರಯ್ಯ ರಜೆಯ ಮೇಲಿದ್ದ.

ಕೊನೆಯ ಸಾಲು ಹುಲಿಗೇಶ ಸತ್ತ ದಿನದ್ದು. ಅಲ್ಲಿಯೂ ಒಂದು ಗುಲಾಬಿ ಚೌಕ.

ಉಮಾದೇವಿ ಅದನ್ನೇ ನೋಡಿದಳು. "ಬಣ್ಣ ಹೆಚ್ಚೇನಿಲ್ಲ," ಎಂದಳು. "ದಿನದಷ್ಟೇ ಅದ."

ಜಾಹೆದಾ ಮೌಸಿನಿಂದ ಕೈ ತೆಗೆದಳು. "ಚಾ ತರಿಸ್ಲೇನಕ್ಕಾ?"

ಮರುದಿನ ಈರಯ್ಯನನ್ನು ಮತ್ತೆ ಕರೆಸಲಾಯಿತು. ಮೌನಪ್ಪ ಬಣ್ಣದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು.

"ಈ ಗೆರಿ ಏನಪ್ಪಾ?"

ಈರಯ್ಯ ಅದರ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದ.

"ಅದು ನನ್ನ ಮಗಳು ಸಾಹೇಬ್ರ."

ಅವನ ಮನೆ ಬಾಗಲವಾಡದ ಹೊಲದಲ್ಲಿತ್ತು. ಪಂಪುಸೆಟ್ಟಿನ ಲೈನು ಬಿಟ್ಟರೆ ಬೇರೆ ಕರೆಂಟಿಲ್ಲ. ಮಗಳು ಶೈಲಜಾಗೆ ದಮ್ಮು. ಮಧ್ಯಾಹ್ನ ಉಸಿರಿನ ಮಷಿನ್ನು ಹಚ್ಚದಿದ್ದರೆ ಎದೆ ಕಟ್ಟುತ್ತಿತ್ತು. ಅಷ್ಟು ಹೊತ್ತು ಅವನು ಲೈನ್ ಕೊಟ್ಟು, ಮತ್ತೆ ತೆಗೆದು, ಸೊನ್ನೆ ಬರೆಯುತ್ತಿದ್ದ. ರಜೆಯ ದಿನ ತಾನೇ ಅವಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ. ಹುಲಿಗೇಶನಿಗೂ ಗೊತ್ತಿತ್ತು.

"ಹೆಂಗೂ ಬಂದ್ ಇರೋ ಲೈನ್ ಅಂತ, ಅಂವ ಕಂಬ ಏರೂದನ್ನ ನಾವಿಬ್ರೂ ರಿಜಿಸ್ಟರ್‌ನ್ಯಾಗ ಬರೀತಿರಲಿಲ್ರಿ. ಏರೂಮುಂದ ಫೋನ್ ಮಾಡ್ತಿದ್ದ. ಇಳಿದ ಮ್ಯಾಲ ಒಂದು ಮಿಸ್ಡ್ ಕಾಲ್. ಅವತ್ತು ಮನಿಯಿಂದ ಫೋನ್ ಬಂತು, ಹುಡುಗಿ ಮಾರಿ ನೀಲಿ ಆಗ್ಯಾದಂತ. ಇಷ್ಟೊತ್ತಿಗೆ ಇಳಿದಿರತಾನಂತ ತಿಳಕೊಂಡೆ..."

"ಮಿಸ್ಡ್ ಕಾಲ್ ಬಂದಿತ್ತೇನು?"

"ಇಲ್ರಿ."

ಸಂಜೆ ಬಂಧನವಾಯಿತು. ಮೌನಪ್ಪ ತಮ್ಮ ವರದಿಯನ್ನು ಉಮಾದೇವಿಗೆ ಓದಿ ಹೇಳಿದರು: ಮೃತನು ತಿಳಿಸಿಯೇ ಕಂಬ ಹತ್ತಿದ್ದ, ಇಳಿದ ಸೂಚನೆ ಬಾರದೆ ಆರೋಪಿ ಲೈನ್ ಕೊಟ್ಟ, ರಿಜಿಸ್ಟರಿನಲ್ಲಿ ಬರೆಯದೆ ಕೆಲಸ ಮಾಡುವ ರೂಢಿ ಇಬ್ಬರದೂ.

"ಆ ಕೊನೀದು ಇರಲೇನ್ರಿ?" ಎಂದು ಕೇಳಿದರು.

"ಖರೇ ಅದ. ಇರಲಿ."

ಕಾರಣ ಎಂಬಲ್ಲಿ ಅವರು ಬರೆದದ್ದು ಒಂದೇ ಸಾಲು: ಮಗಳ ಉಸಿರಿನ ಅವಸರ.

ವಾರದ ಮೇಲೆ ಉಮಾದೇವಿ ಅಡುಗೆಮನೆ ಒರೆಸುವಾಗ ತನ್ನದಲ್ಲದ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಬಸವಂತಮ್ಮ ಎಂದು ಕೆತ್ತಿಸಿತ್ತು. ಅದು ಈರಯ್ಯನ ಹೆಂಡತಿಯ ಹೆಸರು. ಬುತ್ತಿಗೆಂದು ಹುಲಿಗೇಶ ಇಸಿದುಕೊಂಡು ಬಂದಿದ್ದ. ಉಮಾದೇವಿ ಅದನ್ನು ಹಿಡಿದು ಬಾಗಲವಾಡದ ಬಸ್ಸು ಹತ್ತಿದಳು.

ಬಸವಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಹುಡುಗಿಯನ್ನು ಗುಂಜಹಳ್ಳಿಯ ಅಜ್ಜಿಯ ಮನೆಗೆ ಕಳಿಸಿದ್ದರು. ಅಲ್ಲಿ ಮಧ್ಯಾಹ್ನವೂ ಕರೆಂಟಿರುತ್ತಿತ್ತು. ಇಬ್ಬರೂ ಒಳಗೆ ಹೋಗಲಿಲ್ಲ, ಕೂಡಲೂ ಇಲ್ಲ.

"ಖಾಲಿ ಅದ," ಎಂದು ಉಮಾದೇವಿ ಡಬ್ಬಿ ಚಾಚಿದಳು. "ಏನರ ಹಾಕಿ ಕೊಡಬೇಕಾಗಿತ್ತು. ಕೈ ಬರಲಿಲ್ಲ."

"ಬರಲಾರದ್ದೇ ಛಲೋ ಆತು ತಂಗಿ," ಎಂದಳು ಬಸವಂತಮ್ಮ. "ತಿನ್ನಾಕ ನಮಗರ ಬಾಯಿ ಎಲ್ಲದ?"

ಎರಡೂ ಕೈ ಮುಂದೆ ಮಾಡಿ ಡಬ್ಬಿ ಇಸಿದುಕೊಂಡಳು.